ಶಿಕ್ಷಕಿಯ ಕೈ ಕಚ್ಚಿದ ಮಗು

ರವಿವಾರದ ದಿವ್ಯಬಲಿಪೂಜೆ ಮುಗಿದು ಜನರೆಲ್ಲ ಚದುರಿದ ಮೇಲೂ ಒಬ್ಬ ಸಹೋದರಿ ಬಾಗಿಲ ಬಳಿ ನಿಂತೇ ಇದ್ದರು. ಅವರು ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ. ಬಹುಕಾಲದಿಂದ ಒಂದನೆಯ ತರಗತಿಯ ಮಕ್ಕಳಿಗೆ ಅಕ್ಷರ ತಿದ್ದಿಸುತ್ತ ಬಂದವರು. ಏನನ್ನೂ ಹೇಳದೆ ಸೆರಗನ್ನು ಸರಿಸಿ ಬಲ ಮುಂಗೈಯನ್ನು ತೋರಿಸಿದರು. ಅಲ್ಲಿ ಪುಟ್ಟ ಹಲ್ಲುಗಳ ಗುರುತು ಅರ್ಧಚಂದ್ರಾಕಾರವಾಗಿ ಮೂಡಿತ್ತು, ಸುತ್ತಲಿನ ಚರ್ಮ ನೀಲಿಗಟ್ಟಿತ್ತು. ಕಚ್ಚಿದವನು ಆರು ವರ್ಷದ ಬಾಲಕ. ಅದೇ ವಾರ ಅವನು ಪಾಟಿಯನ್ನು ಎಸೆದಿದ್ದ, ಮೇಜನ್ನು ಒದ್ದಿದ್ದ, ಬಿಡಿಸಲು ಬಂದ ಇನ್ನೊಬ್ಬ ಶಿಕ್ಷಕಿಯ ಮುಖಕ್ಕೆ ಉಗುಳಿದ್ದ. ಬೇರೆ ಮಕ್ಕಳ ಪಾಲಕರು ಒಟ್ಟಾಗಿ ಬಂದು, "ಆ ಹುಡುಗನಿಗೆ ವರ್ಗಾವಣೆ ಪತ್ರ ಕೊಟ್ಟು ಕಳುಹಿಸಿ, ಇಲ್ಲವೇ ನಮ್ಮ ಮಕ್ಕಳ ಪತ್ರ ನಮಗೆ ಕೊಡಿ" ಎಂದು ಪಟ್ಟು ಹಿಡಿದಿದ್ದರು.

ಶಿಕ್ಷಕಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಸ್ವಾಮಿ, ಹೊಡೆಯಬಾರದು ಎಂಬುದು ನನಗೆ ಗೊತ್ತು. ಆದರೆ ಸುಮ್ಮನೆ ಕಚ್ಚಿಸಿಕೊಳ್ಳುವುದೂ ನನ್ನ ಕರ್ತವ್ಯವೇ?"

ರೋಣ, ನರಗುಂದ, ಗಜೇಂದ್ರಗಡಗಳಲ್ಲಿ ಚದುರಿ ನೆಲೆಸಿರುವ ನಮ್ಮ ಕುಟುಂಬಗಳಲ್ಲಿ ಶಿಕ್ಷಕರೂ ಇದ್ದಾರೆ, ಶಾಲೆಗೆ ಹೋಗುವ ಮಕ್ಕಳೂ ಇದ್ದಾರೆ. ಆದುದರಿಂದ ಈ ಪ್ರಶ್ನೆ ಒಬ್ಬರದಲ್ಲ. ಊರನ್ನೂ ಶಾಲೆಯನ್ನೂ ಇಲ್ಲಿ ಬೇಕೆಂದೇ ಹೆಸರಿಸಿಲ್ಲ. ಮಗುವಿನ ಮೇಲೆ ಒಮ್ಮೆ ಅಂಟಿದ ಹೆಸರು ಅದು ದೊಡ್ಡದಾದ ಮೇಲೂ ಬಿಡುವುದಿಲ್ಲ.

ಎರಡು ಹಳೆಯ ಉತ್ತರಗಳು

ಇಂತಹ ಮಗುವಿಗೆ ನಮ್ಮ ಸಮಾಜದ ಬಳಿ ಎರಡು ಸಿದ್ಧ ಉತ್ತರಗಳಿವೆ: ಒಂದು ಬೆತ್ತ, ಇನ್ನೊಂದು ವರ್ಗಾವಣೆ ಪತ್ರ. "ಛಡಿ ಚಂ ಚಂ, ವಿದ್ಯಾ ಘಂ ಘಂ" ಎಂಬ ಗಾದೆಯನ್ನು ಕೇಳುತ್ತ ಬೆಳೆದವರು ನಾವು. ಮಗುವನ್ನು ಮೊದಲ ದಿನ ಶಾಲೆಗೆ ಕರೆತಂದ ತಂದೆ, "ಕಣ್ಣೊಂದು ಬಿಟ್ಟು ಎಲ್ಲಿ ಬೇಕಾದ್ರೂ ಹೊಡೀರಿ, ನಾವು ಕೇಳಂಗಿಲ್ಲ" ಎಂದು ಶಿಕ್ಷಕರಿಗೆ ಅಧಿಕಾರಪತ್ರ ಬರೆದುಕೊಟ್ಟಂತೆ ಹೇಳಿ ಹೋಗುವುದನ್ನು ಈ ಭಾಗದಲ್ಲಿ ಯಾರು ಕಂಡಿಲ್ಲ?

ದೇಶದ ಕಾನೂನು ಈ ಎರಡು ಬಾಗಿಲುಗಳನ್ನೂ ಮುಚ್ಚಿದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ, ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಮೀರಿದವರು ಸೇವಾ ನಿಯಮದಂತೆ ಶಿಸ್ತುಕ್ರಮಕ್ಕೆ ಗುರಿಯಾಗುತ್ತಾರೆ. ಅದೇ ಕಾಯಿದೆಯ 16ನೆಯ ಕಲಮಿನಂತೆ, ಪ್ರಾಥಮಿಕ ಶಿಕ್ಷಣ ಅಂದರೆ ಎಂಟನೆಯ ತರಗತಿ ಪೂರ್ಣಗೊಳ್ಳುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. 2019ರ ತಿದ್ದುಪಡಿಯು ಐದು ಮತ್ತು ಎಂಟನೆಯ ತರಗತಿಗಳಲ್ಲಿ ಅನುತ್ತೀರ್ಣಗೊಳಿಸಲು ದಾರಿ ಮಾಡಿಕೊಟ್ಟಿತೇ ಹೊರತು ಹೊರಹಾಕಲು ಮಾಡಿಕೊಡಲಿಲ್ಲ.

ಇಲ್ಲಿ ನಮ್ಮ ಸಮುದಾಯದ ಕೆಲವರು ಒಂದು ಮಾತನ್ನು ಮುಂದಿಡುತ್ತಾರೆ. 2014ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಕಾಯಿದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸುವುದಿಲ್ಲ ಎಂದು ತೀರ್ಪಿತ್ತಿತು, ಆದ್ದರಿಂದ ನಮ್ಮ ಶಾಲೆಗಳಿಗೆ ಈ ಬಂಧನವಿಲ್ಲ ಎಂಬುದು ಅವರ ವಾದ. ಆ ತೀರ್ಪು ನಮಗೆ ಉಳಿಸಿಕೊಟ್ಟದ್ದು ಆಡಳಿತದ ಸ್ವಾತಂತ್ರ್ಯವನ್ನು, ಬೆತ್ತದ ಸ್ವಾತಂತ್ರ್ಯವನ್ನಲ್ಲ. ತನ್ನ ವಶದಲ್ಲಿರುವ ಮಗುವಿನ ಮೇಲೆ ಕ್ರೌರ್ಯವೆಸಗಿದವರಿಗೆ ಮೂರು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸುವ 2015ರ ಬಾಲನ್ಯಾಯ ಕಾಯಿದೆಯ 75ನೆಯ ಕಲಮು ಶಾಲೆಯ ಹೆಸರಿನ ಮುಂದೆ 'ಸಂತ' ಎಂಬ ಶಬ್ದವಿದೆಯೋ ಇಲ್ಲವೋ ಎಂದು ನೋಡುವುದಿಲ್ಲ. ಅದಕ್ಕಿಂತ ಮಿಗಿಲಾಗಿ, ಕಾನೂನು ಮುಟ್ಟದ ಕಡೆಯಲ್ಲಿಯೇ ಅಂತಃಸಾಕ್ಷಿಯ ಕೆಲಸ ಆರಂಭವಾಗುತ್ತದೆ.

ಏಳು ವರ್ಷದ ಗಡಿ

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದಾಗ ನಮಗೆ ಕಲಿಸಿದ ಒಂದು ಭೇದವನ್ನು ಆ ಶಿಕ್ಷಕಿಯ ಮುಂಗೈ ಮತ್ತೆ ನೆನಪಿಸಿತು. ಮನುಷ್ಯನಿಂದ ನಡೆಯುವ ಕ್ರಿಯೆ ಬೇರೆ, ಮನುಷ್ಯನಾಗಿ ಮಾಡುವ ಕ್ರಿಯೆ ಬೇರೆ ಎನ್ನುತ್ತಾರೆ ಸಂತ ಥಾಮಸ್ ಅಕ್ವಿನಾಸರು. ನಿದ್ರೆಯಲ್ಲಿ ಕೈ ಬೀಸಿ ಪಕ್ಕದವನಿಗೆ ತಾಗಿಸಿದರೆ ಅದು ಮೊದಲ ಬಗೆಯದು. ವಿವೇಚಿಸಿ, ಸಂಕಲ್ಪಿಸಿ, ಕೈಯೆತ್ತಿದರೆ ಅದು ಎರಡನೆಯ ಬಗೆಯದು. ಪಾಪಪುಣ್ಯಗಳ ಲೆಕ್ಕ ಹತ್ತುವುದು ಎರಡನೆಯದಕ್ಕೆ ಮಾತ್ರ. ಆರು ವರ್ಷದ ಮಗು ಈ ಎರಡರ ನಡುವಿನ ಹೊಸ್ತಿಲ ಮೇಲೆ ನಿಂತಿರುತ್ತದೆ. ಅದರ ವಿವೇಕ ಇನ್ನೂ ಕಣ್ಣು ತೆರೆಯುತ್ತಿರುತ್ತದೆ.

ಈ ವಿಷಯದಲ್ಲಿ ಧರ್ಮಸಭೆಯ ವಿಧಿಯೂ ದೇಶದ ದಂಡಸಂಹಿತೆಯೂ ಒಂದೇ ಗಡಿಯನ್ನು ಎಳೆದಿರುವುದು ಸೋಜಿಗ. 1983ರ ಧರ್ಮಸಭೆಯ ನಿಯಮಸಂಹಿತೆಯ 97ನೆಯ ವಿಧಿಯಂತೆ, ಏಳು ವರ್ಷ ತುಂಬದ ಮಗುವನ್ನು ತನ್ನ ಕೃತ್ಯಕ್ಕೆ ಹೊಣೆಯಾಗಬಲ್ಲ ವ್ಯಕ್ತಿಯೆಂದು ಎಣಿಸುವುದಿಲ್ಲ. ಏಳು ತುಂಬಿದ ಬಳಿಕ ವಿವೇಕ ಮೂಡಿದೆಯೆಂದು ಭಾವಿಸಲಾಗುತ್ತದೆ. ಜಗದ್ಗುರು ಹತ್ತನೆಯ ಪಯಸ್ಸರು 1910ರಲ್ಲಿ ಪ್ರಥಮ ಪರಮಪ್ರಸಾದದ ವಯಸ್ಸನ್ನು ಏಳರ ಆಸುಪಾಸಿಗೆ ಇಳಿಸಿದ್ದೂ ಇದೇ ಆಧಾರದ ಮೇಲೆ. ಇತ್ತ 1860ರ ಭಾರತೀಯ ದಂಡಸಂಹಿತೆಯ 82ನೆಯ ಕಲಮು ಏಳರ ಒಳಗಿನ ಮಗುವಿನ ಯಾವ ಕೃತ್ಯವೂ ಅಪರಾಧವಲ್ಲ ಎಂದಿತು. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ನ್ಯಾಯಸಂಹಿತೆಯ 20ನೆಯ ಕಲಮೂ ಅದನ್ನೇ ಹೇಳುತ್ತದೆ. ಏಳರಿಂದ ಹನ್ನೆರಡರವರೆಗೆ ಮಗುವಿನ ತಿಳಿವಳಿಕೆ ಎಷ್ಟು ಬಲಿತಿದೆ ಎಂಬುದನ್ನು ನೋಡಿ ನಿರ್ಧರಿಸಬೇಕು.

ನಾವು ಪಾಪನಿವೇದನೆಗೆ ಕೂರಿಸದ ಮಗುವನ್ನು, ನ್ಯಾಯಾಧೀಶರು ಕಟಕಟೆಗೆ ಕರೆಯದ ಮಗುವನ್ನು, ಶಾಲೆ ಮಾತ್ರ ಅಪರಾಧಿಯಂತೆ ಕಾಣುವುದು ಯಾವ ನ್ಯಾಯ?

ಆದರೆ ಇಲ್ಲಿಗೇ ನಿಲ್ಲುವುದೂ ತಪ್ಪು. ದೋಷವಿಲ್ಲ ಎಂದ ಮಾತ್ರಕ್ಕೆ ನೋವಿಲ್ಲ ಎಂದಾಗುವುದಿಲ್ಲ. ಕಚ್ಚಿದ ಗಾಯ ಗಾಯವೇ. ತಪ್ಪಿತಸ್ಥನಲ್ಲದ ಮಗುವನ್ನು ತಿದ್ದುವ ಅಗತ್ಯ ಇದ್ದೇ ಇರುತ್ತದೆ. ನಮ್ಮ ಭಾಷೆಯೇ ಇದಕ್ಕೊಂದು ಸುಳಿವು ಕೊಡುತ್ತದೆ. ಶಿಕ್ಷಣ, ಶಿಕ್ಷಕ, ಶಿಕ್ಷೆ ಈ ಮೂರೂ ಒಂದೇ ಸಂಸ್ಕೃತ ಧಾತುವಿನಿಂದ ಹುಟ್ಟಿದ ಶಬ್ದಗಳು. ಮೂಲದಲ್ಲಿ 'ಶಿಕ್ಷಾ' ಎಂದರೆ ಕಲಿಕೆ. ಕನ್ನಡಕ್ಕೆ ಬರುವಷ್ಟರಲ್ಲಿ ಅದು ದಂಡನೆಯಾಯಿತು. ಮಗುವನ್ನು ತಿದ್ದುವಾಗ ನಾವು ಕೇಳಿಕೊಳ್ಳಬೇಕಾದದ್ದು ಇಷ್ಟೇ: ನಾನು ಕೊಡುತ್ತಿರುವ ಶಿಕ್ಷೆಯಲ್ಲಿ ಕಲಿಕೆಯ ಅಂಶ ಎಷ್ಟಿದೆ, ನನ್ನ ಸಿಟ್ಟಿನ ಅಂಶ ಎಷ್ಟಿದೆ?

ಸಿಟ್ಟಿನ ಹಿಂದೆ

ಮಕ್ಕಳ ಹೊಡೆದಾಟ ಬೆಳೆಯುತ್ತ ಬೆಳೆಯುತ್ತ ಕಲಿತದ್ದು ಎಂದು ನಾವು ಭಾವಿಸುತ್ತೇವೆ. ಕೆನಡಾದ ರಿಚರ್ಡ್ ಟ್ರೆಂಬ್ಲೆ ಎಂಬ ವಿದ್ವಾಂಸರು ಮಕ್ಕಳನ್ನು ಹಲವು ವರ್ಷಗಳ ಕಾಲ ಅನುಸರಿಸಿ ನೋಡಿ ಕಂಡುಕೊಂಡದ್ದು ಇದಕ್ಕೆ ತದ್ವಿರುದ್ಧ. ಮಗು ಅತ್ಯಂತ ಹೆಚ್ಚು ಹೊಡೆಯುವುದು, ಕಚ್ಚುವುದು ಎರಡು ಮೂರು ವರ್ಷದ ವಯಸ್ಸಿನಲ್ಲಿ. ಆಮೇಲೆ ಮಾತು ಬಂದಂತೆ, ಕಾಯುವುದನ್ನು ಕಲಿತಂತೆ, ಅದು ಇಳಿಯುತ್ತ ಹೋಗುತ್ತದೆ. ಹೊಡೆಯುವುದನ್ನು ಯಾರೂ ಕಲಿಸಬೇಕಾಗಿಲ್ಲ, ಹೊಡೆಯದಿರುವುದನ್ನು ಕಲಿಸಬೇಕು. ಆರು ವರ್ಷದ ಮಗು ಇನ್ನೂ ಕಚ್ಚುತ್ತಿದ್ದರೆ, ಅದನ್ನು ಕಲಿಯಲು ಏನೋ ಅಡ್ಡಬಂದಿದೆ ಎಂದೇ ತಿಳಿಯಬೇಕು.

ಸಿಟ್ಟಿಗೆ ಕಾರಣವಿರುತ್ತದೆ ಎಂಬುದನ್ನು ನರಗುಂದದ ಜನಕ್ಕೆ ಹೇಳಿಕೊಡಬೇಕಾಗಿಲ್ಲ. 1980ರ ಜುಲೈ 21ರಂದು ಮಲಪ್ರಭೆಯ ನೀರಾವರಿ ಕರದ ವಿರುದ್ಧ ಎದ್ದ ರೈತರ ಬಂಡಾಯ ಈ ಊರಿನ ನೆನಪಿನಲ್ಲಿ ಇಂದಿಗೂ ಹಸಿಯಾಗಿದೆ. ಕೇಳುವವರಿಲ್ಲದ ಅಹವಾಲು ಒಂದು ದಿನ ಕಲ್ಲಾಗುತ್ತದೆ. ದೊಡ್ಡವರಿಗೆ ಅಹವಾಲು ಬರೆಯಲಾದರೂ ಬರುತ್ತದೆ. ಮಾತೇ ಸರಿಯಾಗಿ ಬಾರದ ಮಗುವಿಗೆ ಹಲ್ಲೇ ಅರ್ಜಿ.

ನಾನು ಮುಖ್ಯೋಪಾಧ್ಯಾಯರನ್ನು ಕಂಡು ಒಂದು ತಿಂಗಳ ಅವಧಿ ಬೇಡಿದೆ. ಶಿಕ್ಷಕಿ ಒಂದು ಸಣ್ಣ ಪುಸ್ತಕವಿಟ್ಟು, ಪ್ರತಿಯೊಂದು ಗಲಾಟೆಯ ಹೊತ್ತು, ಅದಕ್ಕೆ ಮುಂಚೆ ನಡೆದದ್ದು, ಅದರ ನಂತರ ನಡೆದದ್ದು, ಈ ಮೂರನ್ನು ಬರೆಯತೊಡಗಿದರು. ಮಗುವಿನ ಬಗ್ಗೆ ಅಭಿಪ್ರಾಯ ಬರೆಯಬಾರದು, ಕಂಡದ್ದನ್ನು ಮಾತ್ರ ಬರೆಯಬೇಕು ಎಂಬುದು ನಮ್ಮ ಒಪ್ಪಂದ. ಎರಡನೆಯ ವಾರದ ಕೊನೆಗೆ ಆ ಪುಸ್ತಕವೇ ಮಾತನಾಡಿತು. ಗಲಾಟೆಗಳಲ್ಲಿ ಹೆಚ್ಚಿನವು ಮಧ್ಯಾಹ್ನದ ಊಟಕ್ಕೆ ಮೊದಲಿನ ಗಂಟೆಯಲ್ಲಿ ನಡೆದಿದ್ದವು. ಹೆಚ್ಚುಕಡಿಮೆ ಎಲ್ಲವೂ ಯಾರೋ ಹಿಂದಿನಿಂದ ಬಂದು ಅವನನ್ನು ಮುಟ್ಟಿದಾಗ ಆರಂಭವಾಗಿದ್ದವು.

ಮನೆಗೆ ಹೋಗಿ ನೋಡಿದಾಗ ಉಳಿದದ್ದು ತಿಳಿಯಿತು. ತಂದೆತಾಯಿ ಕಟ್ಟಡದ ಕೆಲಸಕ್ಕೆ ಗೋವೆಗೆ ಹೋಗಿದ್ದಾರೆ. ಈ ಭಾಗದ ಎಷ್ಟೋ ಮನೆಗಳ ಕಥೆ ಇದು. ಮಳೆ ಕೈಕೊಟ್ಟ ವರ್ಷ ಊರಿನಲ್ಲಿ ಉಳಿಯುವವರು ಮುದುಕರು ಮತ್ತು ಮಕ್ಕಳು. ಅಜ್ಜಿ ನಸುಕಿನಲ್ಲಿಯೇ ಕೂಲಿಗೆ ಹೋಗುವುದರಿಂದ ಬಾಲಕ ಬರಿ ಹೊಟ್ಟೆಯಲ್ಲಿ ಶಾಲೆಗೆ ಬರುತ್ತಿದ್ದ. ಹಬ್ಬಕ್ಕೆ ಊರಿಗೆ ಬಂದ ತಂದೆ, ಮಗನ ಮೇಲಿನ ದೂರು ಕೇಳಿ, ಬೆಲ್ಟಿನಿಂದ ಬುದ್ಧಿ ಹೇಳಿ ಹೋಗಿದ್ದ. ಎಡಗಿವಿಯಿಂದ ಕೀವು ಸೋರುತ್ತಿದ್ದುದನ್ನು ಅಜ್ಜಿ ಎಣ್ಣೆ ಬಿಟ್ಟು ಸುಮ್ಮನಾಗಿದ್ದಳು. ಕರೆದರೆ ಕೇಳದು, ಹತ್ತಿರ ಬಂದ ಹೆಜ್ಜೆಯ ಸಪ್ಪಳ ತಿಳಿಯದು. ಭುಜದ ಮೇಲೆ ಬಿದ್ದ ಕೈ ಶಿಕ್ಷಕಿಯದೋ ಬೆಲ್ಟು ಹಿಡಿದ ತಂದೆಯದೋ ಎಂದು ತಿರುಗಿ ನೋಡುವ ಮೊದಲೇ ಅವನ ಹಲ್ಲು ಉತ್ತರ ಕೊಡುತ್ತಿತ್ತು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಗಳು ಅಂಗನವಾಡಿ ಹಾಗೂ ಸರ್ಕಾರಿ, ಅನುದಾನಿತ ಶಾಲೆಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ. ಕಿವಿಯ ದೋಷವೂ ಅವರು ನೋಡುವ ಪಟ್ಟಿಯಲ್ಲಿದೆ. ಅವರು ಬರೆದುಕೊಟ್ಟ ಚೀಟಿಯೊಡನೆ ಅಜ್ಜಿ ಮೊಮ್ಮಗನನ್ನು ಗದಗಿಗೆ ಕರೆದೊಯ್ದಳು. ಕಿವಿ ಗುಣವಾಯಿತು. ಕೋಪ ಅಷ್ಟು ಬೇಗ ಗುಣವಾಗಲಿಲ್ಲ. ಇದನ್ನು ಹೇಳಲೇಬೇಕು, ಏಕೆಂದರೆ ಕಾರಣ ಗೊತ್ತಾದ ಕೂಡಲೇ ಮಗು ದೇವದೂತನಾಗುತ್ತದೆ ಎಂದು ನಂಬಿದವರು ಎರಡನೆಯ ತಿಂಗಳಿನಲ್ಲಿ ಮತ್ತೆ ಬೆತ್ತಕ್ಕೆ ಕೈ ಹಾಕುತ್ತಾರೆ.

ಗುರುವೂ ಮನುಷ್ಯರೇ

ಈಗ ಶಿಕ್ಷಕಿಯ ಪ್ರಶ್ನೆಗೆ ಬರೋಣ. ಸುಮ್ಮನೆ ಕಚ್ಚಿಸಿಕೊಳ್ಳುವುದು ಕರ್ತವ್ಯವೇ? ಖಂಡಿತ ಅಲ್ಲ.

ಧರ್ಮಸಭೆಯ ಪಂಚಾಂಗದಲ್ಲಿ ಆಗಸ್ಟ್ 13 ಇಮೋಲಾದ ಸಂತ ಕ್ಯಾಸಿಯನ್ನರ ದಿನ. ಅವರು ಶಾಲಾ ಶಿಕ್ಷಕರು. ಕ್ರಿಸ್ತವಿಶ್ವಾಸಕ್ಕಾಗಿ ಬಂಧಿತರಾದ ಅವರನ್ನು ಅವರದೇ ವಿದ್ಯಾರ್ಥಿಗಳ ಕೈಗೆ ಒಪ್ಪಿಸಲಾಯಿತೆಂದೂ, ಮೇಣದ ಹಲಗೆಯ ಮೇಲೆ ಬರೆಯುವ ಕಬ್ಬಿಣದ ಕಂಟಗಳಿಂದ ಆ ಬಾಲಕರು ಗುರುವನ್ನು ಇರಿದು ಕೊಂದರೆಂದೂ ಪರಂಪರೆ ಹೇಳುತ್ತದೆ. ಆ ಸಮಾಧಿಯನ್ನು ಸಂದರ್ಶಿಸಿದ ಪ್ರುಡೆಂಶಿಯಸ್ ಎಂಬ ಪ್ರಾಚೀನ ಕವಿ ಇದನ್ನು ದಾಖಲಿಸುವಾಗ ಒಂದು ಸೂಕ್ಷ್ಮವನ್ನು ಮರೆಮಾಚುವುದಿಲ್ಲ: ಗುರುವಿನ ಕಠಿಣ ಶಿಸ್ತಿನ ಬಗ್ಗೆ ಆ ಬಾಲಕರಲ್ಲಿ ಹಳೆಯ ಕಹಿ ಇತ್ತು. ಕ್ಯಾಸಿಯನ್ನರು ರಕ್ತಸಾಕ್ಷಿಯಾದದ್ದು ವಿಶ್ವಾಸಕ್ಕಾಗಿ. ಯಾವ ಶಾಲೆಯ ಆಡಳಿತವೂ ಅವರನ್ನು ತೋರಿಸಿ ತನ್ನ ಶಿಕ್ಷಕಿಯಿಂದ ರಕ್ತಸಾಕ್ಷ್ಯವನ್ನು ಬೇಡಲಾಗದು.

ಶಿಕ್ಷಕರ ಎಚ್ಚರಿಕೆಯನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಘಟನೆಯೊಂದು ಸಾಕ್ಷಿ. 2023ರ ಜನವರಿ 6ರಂದು ವರ್ಜೀನಿಯಾ ರಾಜ್ಯದ ನ್ಯೂಪೋರ್ಟ್ ನ್ಯೂಸ್ ನಗರದಲ್ಲಿ ಆರು ವರ್ಷದ ಬಾಲಕನೊಬ್ಬ ತರಗತಿಯಲ್ಲಿಯೇ ತನ್ನ ಶಿಕ್ಷಕಿಯ ಮೇಲೆ ಗುಂಡು ಹಾರಿಸಿದ. ಆಕೆ ಬದುಕುಳಿದರು. ಆ ದಿನ ಹುಡುಗನ ಬಳಿ ಬಂದೂಕವಿರಬಹುದೆಂದು ಶಾಲೆಯ ಸಿಬ್ಬಂದಿ ಮೊದಲೇ ತಿಳಿಸಿದ್ದರೂ ಮೇಲಿನವರು ಕ್ರಮ ಕೈಗೊಂಡಿರಲಿಲ್ಲ. ಬಾಲಕನ ಮೇಲೆ ಮೊಕದ್ದಮೆ ಹೂಡಲಿಲ್ಲ. ಬಂದೂಕವನ್ನು ಅವನ ಕೈಗೆ ಎಟಕುವಂತೆ ಬಿಟ್ಟ ತಾಯಿ ಸೆರೆಮನೆಗೆ ಹೋದಳು. 2025ರಲ್ಲಿ ತೀರ್ಪುಗಾರರ ಮಂಡಳಿಯು, ಎಚ್ಚರಿಕೆಗೆ ಕಿವಿಗೊಡದ ಅಂದಿನ ಸಹಾಯಕ ಪ್ರಾಂಶುಪಾಲರು ಶಿಕ್ಷಕಿಗೆ ಒಂದು ಕೋಟಿ ಡಾಲರ್ ಪರಿಹಾರ ಕೊಡಬೇಕೆಂದಿತು. ಮಗುವಿನ ಹೊಣೆ ಕಡಿಮೆಯಾದಷ್ಟೂ ಸುತ್ತಲಿನ ದೊಡ್ಡವರ ಹೊಣೆ ಹೆಚ್ಚುತ್ತದೆ ಎಂಬುದನ್ನು ಈ ಘಟನೆ ಸ್ಪಷ್ಟಪಡಿಸುತ್ತದೆ.

ನಮ್ಮ ಹಳ್ಳಿಗಳಲ್ಲಿ ಬಂದೂಕಿನ ಭಯವಿಲ್ಲ. ಆದರೆ ಗಾಯಗೊಂಡ ಶಿಕ್ಷಕಿಗೆ "ಸಣ್ಣ ಹುಡುಗನನ್ನು ಹಿಡಿಯಲಾಗದೇ?" ಎಂದು ನಗುವ ಸಹೋದ್ಯೋಗಿಗಳಿದ್ದಾರೆ. ಆ ನಗು ಆಕೆಯನ್ನು ಬೆತ್ತದ ಕಡೆಗೆ ತಳ್ಳುತ್ತದೆ. ಗಾಯಕ್ಕೆ ಔಷಧ, ಘಟನೆಗೆ ದಾಖಲೆ, ಕರೆದೊಡನೆ ಓಡಿಬರುವ ಇನ್ನೊಬ್ಬರು ಹಿರಿಯರು, ಹತ್ತು ನಿಮಿಷ ಕುಳಿತು ಸುಧಾರಿಸಿಕೊಳ್ಳುವ ಅವಕಾಶ, ಇಷ್ಟನ್ನು ಪ್ರತಿಯೊಂದು ಶಾಲೆಯೂ ತನ್ನ ಗುರುಗಳಿಗೆ ಕೊಡಬಲ್ಲದು. ಇದಕ್ಕೆ ಹಣ ಬೇಕಾಗಿಲ್ಲ.

ಎತ್ತಿದ ಕೈ

ನಮ್ಮ ಜಿಲ್ಲೆ ಮರೆಯಲಾಗದ ಇನ್ನೊಂದು ದಿನವಿದೆ. 2022ರ ಡಿಸೆಂಬರ್ 19ರಂದು ನರಗುಂದ ತಾಲ್ಲೂಕಿನ ಹದಲಿ ಗ್ರಾಮದ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೆಯ ತರಗತಿಯ ಬಾಲಕನೊಬ್ಬ ಪ್ರಾಣ ಕಳೆದುಕೊಂಡ. ಅವನನ್ನು ಸಲಿಕೆಯಿಂದ ಹೊಡೆದು ಮಹಡಿಯಿಂದ ಕೆಳಕ್ಕೆ ಎಸೆದನೆಂಬ ಆರೋಪ ಬಂದದ್ದು ಅದೇ ಶಾಲೆಯ ಅತಿಥಿ ಶಿಕ್ಷಕನ ಮೇಲೆ. ಅಲ್ಲಿಯೇ ಶಿಕ್ಷಕಿಯಾಗಿದ್ದ ಆ ಬಾಲಕನ ತಾಯಿಯ ಮೇಲೂ ಹಲ್ಲೆಯಾಗಿತ್ತು. ಆ ಘಟನೆಯ ಒಳಗಿನ ಕಾರಣಗಳನ್ನು ಕುರಿತು ಇಲ್ಲಿ ಮಾತನಾಡುವುದಿಲ್ಲ, ಅದು ನ್ಯಾಯಾಲಯದ ಕೆಲಸ. ಶಿಸ್ತಿನ ಪ್ರಶ್ನೆಯೂ ಅದಾಗಿರಲಿಲ್ಲ. ಆದರೂ ಶಾಲೆಯೊಳಗಿನ ಹಿಂಸೆಯನ್ನು ಕುರಿತು ಮಾತನಾಡುವಾಗಲೆಲ್ಲ ಆ ಮಗುವಿನ ನೆನಪು ನಮ್ಮ ತೂಕವನ್ನು ಸರಿಪಡಿಸಬೇಕು. ಮಗುವಿನ ಸಿಟ್ಟು ಪಾಟಿಯನ್ನು ಒಡೆಯುತ್ತದೆ, ದೊಡ್ಡವರ ಸಿಟ್ಟು ಮಗುವನ್ನೇ ಒಡೆಯುತ್ತದೆ. ಶಾಲೆಯ ಶಿಸ್ತು ಮೊದಲು ಆರಂಭವಾಗಬೇಕಾದದ್ದು ದೊಡ್ಡವರ ಸಿಟ್ಟಿನಿಂದ.

ರೋಮಿನ ದಾರ್ಶನಿಕ ಸೆನೆಕಾ ಕೋಪವನ್ನು ಕುರಿತ ತನ್ನ ಗ್ರಂಥದಲ್ಲಿ ಪ್ಲೇಟೋನ ಒಂದು ಪ್ರಸಂಗವನ್ನು ಹೇಳುತ್ತಾನೆ. ಸೇವಕನ ತಪ್ಪಿಗೆ ಕೆರಳಿದ ಪ್ಲೇಟೋ ಹೊಡೆಯಲೆಂದು ಕೈ ಎತ್ತಿದ. ಎತ್ತಿದ ಕ್ಷಣದಲ್ಲಿಯೇ ತಾನು ಕೋಪಗೊಂಡಿದ್ದೇನೆಂಬ ಅರಿವಾಯಿತು. ಕೈಯನ್ನು ಇಳಿಸದೆ, ಹೊಡೆಯದೆ, ಹಾಗೆಯೇ ಕಲ್ಲಿನಂತೆ ನಿಂತ. ಬಂದ ಗೆಳೆಯ ಇದೇನೆಂದು ಕೇಳಲು, ಕೋಪಿಷ್ಠನೊಬ್ಬನನ್ನು ದಂಡಿಸುತ್ತಿದ್ದೇನೆ ಎಂಬ ಅರ್ಥದ ಉತ್ತರ ಕೊಟ್ಟನಂತೆ. ಅಂದು ದಂಡನೆಗೆ ಗುರಿಯಾದವನು ಪ್ಲೇಟೋ ತಾನೇ.

ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯ ಮೊದಲ ಪುಸ್ತಕದಲ್ಲಿ, ಬಾಲಕನಾಗಿದ್ದಾಗ ಶಾಲೆಯಲ್ಲಿ ಏಟು ಬೀಳದಿರಲೆಂದು ದೇವರಲ್ಲಿ ಮೊರೆಯಿಡುತ್ತಿದ್ದುದನ್ನೂ, ಆ ಏಟುಗಳನ್ನು ಕಂಡು ಹಿರಿಯರು, ತಮ್ಮ ತಂದೆತಾಯಿ ಕೂಡ, ನಗುತ್ತಿದ್ದುದನ್ನೂ ಬರೆದಿದ್ದಾರೆ. ಬಿಷಪರಾಗಿ ನಡುವಯಸ್ಸು ಮುಟ್ಟಿದ ಮೇಲೂ ಆ ನಗು ಅವರಿಗೆ ಮರೆತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಟ್ಯೂರಿನ್ ನಗರದ ಬೀದಿಯ ಹುಡುಗರ ನಡುವೆ ಬಾಳಿದ ಸಂತ ಜಾನ್ ಬೋಸ್ಕೊ, ಒಂಬತ್ತು ವರ್ಷದವರಿದ್ದಾಗ ಕಂಡ ಕನಸಿನಲ್ಲಿ, ಕೆಟ್ಟ ಮಾತಾಡುತ್ತಿದ್ದ ಹುಡುಗರ ಮೇಲೆ ಮುಷ್ಟಿ ಬಿಗಿದು ಎರಗಿದ್ದರು. ಏಟಿನಿಂದಲ್ಲ, ಮೃದುತ್ವದಿಂದ ಗೆಲ್ಲಬೇಕೆಂಬ ಪಾಠ ಆ ಕನಸಿನಲ್ಲಿಯೇ ಅವರಿಗೆ ದೊರೆಯಿತು. 1877ರಲ್ಲಿ ಅವರು ಬರೆದಿಟ್ಟ ಶಿಕ್ಷಣ ಪದ್ಧತಿ ವಿವೇಕ, ಧರ್ಮ, ವಾತ್ಸಲ್ಯ ಎಂಬ ಮೂರು ಕಂಬಗಳ ಮೇಲೆ ನಿಂತಿದೆ. ತಪ್ಪಾದ ಮೇಲೆ ದಂಡಿಸುವುದಕ್ಕಿಂತ, ತಪ್ಪು ಆಗದಂತೆ ಮಗುವಿನ ಜೊತೆಗೇ ಇರುವುದು ಅದರ ತಿರುಳು.

ಜ್ಞಾನೋಕ್ತಿಗಳ ಗ್ರಂಥವು ಬೆತ್ತವನ್ನು ಹೇಳುತ್ತದಲ್ಲ ಎಂದು ಕೆಲವರು ನೆನಪಿಸಬಹುದು. ಹೌದು, ಹೇಳುತ್ತದೆ. ಕೀರ್ತನೆಗಾರನಿಗೆ ಧೈರ್ಯ ತುಂಬುವುದೂ ಕೋಲೇ, ಕುರಿಗಾಹಿಯ ಕೋಲು. ಗಜೇಂದ್ರಗಡದ ಗುಡ್ಡದ ಮಗ್ಗುಲಲ್ಲಿ ಕುರಿ ಮೇಯಿಸುವವರನ್ನು ನಿಂತು ನೋಡಿರಿ. ಆ ಕೋಲು ಕುರಿಯ ಮೈಮೇಲೆ ಬೀಳುವುದು ಅಪರೂಪ. ಅದು ದಾರಿ ತೋರಿಸುತ್ತದೆ, ಕಮರಿಯ ಕಡೆ ಹೋಗದಂತೆ ಅಡ್ಡ ನಿಲ್ಲುತ್ತದೆ, ತೋಳನಿಗೆ ಎದುರಾಗುತ್ತದೆ. ಹಾಗೆ ಅಡ್ಡ ನಿಲ್ಲುವ ಕೋಲು ಮಕ್ಕಳಿಗೂ ಬೇಕು.

ಅಡ್ಡ ನಿಲ್ಲುವ ಬಗೆ

ಆ ಶಾಲೆಯಲ್ಲಿ ನಡೆದದ್ದನ್ನು ಪಾಲಕರ ಉಪಯೋಗಕ್ಕಾಗಿ ಹೇಳುತ್ತೇನೆ. ಶಿಕ್ಷಕಿ ಇನ್ನು ಮುಂದೆ ಎದುರಿನಿಂದ ಬಂದು, ಹೆಸರು ಹಿಡಿದು ಕರೆದು, ಆಮೇಲೆಯೇ ಮುಟ್ಟುವುದೆಂದು ನಿರ್ಧರಿಸಿದರು. ಕೈ ಎತ್ತಿದಾಗ ಅದನ್ನು ನೋಯದಂತೆ ಹಿಡಿದು, "ಹೊಡೆಯಲು ಬಿಡುವುದಿಲ್ಲ" ಎಂಬ ಒಂದೇ ಮಾತನ್ನು ತಗ್ಗಿದ ದನಿಯಲ್ಲಿ ಹೇಳುವುದು. ಸಿಟ್ಟಿನ ನೆತ್ತಿಯಲ್ಲಿರುವ ಮಗುವಿಗೆ ಉಪದೇಶ ಕೇಳಿಸುವುದಿಲ್ಲ. ಉಳಿದ ಮಕ್ಕಳನ್ನು ಪಕ್ಕದ ಕೋಣೆಯ ಶಿಕ್ಷಕಿ ಕರೆದೊಯ್ಯುವುದು, ಏಕೆಂದರೆ ನೋಡುವವರಿದ್ದಷ್ಟೂ ಸಿಟ್ಟು ಬೆಳೆಯುತ್ತದೆ. ಎಲ್ಲ ತಣ್ಣಗಾದ ಮೇಲೆ, ಅದೇ ದಿನ, ಮಾಡಿದ್ದನ್ನು ಸರಿಪಡಿಸುವುದು: ಚೆಲ್ಲಿದ ಪಾಟಿಗಳನ್ನು ಆಯ್ದಿಡಬೇಕು, ಹರಿದ ಪುಸ್ತಕಕ್ಕೆ ಅಂಟು ಹಚ್ಚಬೇಕು, ನೋವಾದವರಿಗೆ ನೀರು ತಂದುಕೊಡಬೇಕು. ಇದನ್ನು ಬಿಡುವಂತಿಲ್ಲ, ಮುಂದೂಡುವಂತಿಲ್ಲ, ಒಂದು ದಿನ ಮಾಡಿಸಿ ಇನ್ನೊಂದು ದಿನ ಮರೆಯುವಂತಿಲ್ಲ. ಮೃದುವಾಗಿರುವುದು ಎಂದರೆ ಸಡಿಲವಾಗಿರುವುದಲ್ಲ. ಬೆತ್ತದ ಏಟು ಒಂದು ಕ್ಷಣದಲ್ಲಿ ಮುಗಿಯುತ್ತದೆ, ಅದಾದ ಮೇಲೆ ಲೆಕ್ಕ ತೀರಿತೆಂದು ಮಗು ಓಡುತ್ತದೆ. ಚೆಲ್ಲಿದ ಮೂವತ್ತು ಪಾಟಿಗಳನ್ನು ಆಯುವುದು ಅಷ್ಟು ಸುಲಭವಲ್ಲ.

ಬೆಳಗಿನ ಹಸಿವಿಗೆ ಶಿಕ್ಷಕಿಯ ಡಬ್ಬಿಯ ಒಂದು ರೊಟ್ಟಿ ಹಾಗೂ ಶಾಲೆಯ ಹಾಲು ಆಧಾರವಾದವು. ತಂದೆಗೆ ಗೋವೆಗೆ ದೂರವಾಣಿ ಮಾಡಿದಾಗ ದೂರು ಹೇಳದೆ, ಮಗ ಅಂದು ಮಾಡಿದ ಒಂದು ಒಳ್ಳೆಯ ಕೆಲಸವನ್ನು ಹೇಳಿದರು. ಶಾಲೆಯಿಂದ ಕರೆ ಬಂದರೆ ದೂರೇ ಎಂದುಕೊಂಡಿದ್ದ ಆ ಮನುಷ್ಯ ಎಷ್ಟೋ ಹೊತ್ತು ಏನೂ ಮಾತನಾಡಲಿಲ್ಲವಂತೆ.

ಇಷ್ಟಾದರೂ ಇಳಿಯದ ಸಿಟ್ಟು ಕೆಲವು ಮಕ್ಕಳಲ್ಲಿರುತ್ತದೆ. ಅಂತಹವರಿಗೆ ವೈದ್ಯರ ನೆರವು ಬೇಕು. ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ನಮಗೆ ದೂರವೇನಲ್ಲ. 14416 ಸಂಖ್ಯೆಯ ಟೆಲಿಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ಮಗುವಿನ ಮೇಲೆ ಮನೆಯಲ್ಲಿಯೇ ಹಿಂಸೆ ನಡೆಯುತ್ತಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಜ್ವರ ಬಂದರೆ ಆಸ್ಪತ್ರೆಗೆ ಹೋಗಲು ನಾಚದ ನಾವು ಮನಸ್ಸಿನ ಜ್ವರಕ್ಕೆ ಏಕೆ ನಾಚಬೇಕು?

ಉಳಿದ ಮಕ್ಕಳ ಗತಿಯೇನು ಎಂದು ಪಾಲಕರು ಕೇಳಿದ್ದು ನ್ಯಾಯವೇ ಆಗಿತ್ತು. ಅವರ ಸುರಕ್ಷತೆಯೂ ಶಾಲೆಯ ಹೊಣೆ. ಅದಕ್ಕಾಗಿಯೇ ಮೊದಲ ತಿಂಗಳು ಅಜ್ಜಿ ದಿನಕ್ಕೆ ಒಂದು ಗಂಟೆ ತರಗತಿಯ ಬಾಗಿಲಲ್ಲಿ ಕುಳಿತಳು, ಅಷ್ಟು ಹೊತ್ತಿನ ಕೂಲಿ ಬಿಟ್ಟು. ಆ ಮಕ್ಕಳು ಅಲ್ಲಿ ಇನ್ನೊಂದನ್ನೂ ಕಲಿತರು: ತಪ್ಪು ಮಾಡಿದವನನ್ನು ಹಿಡಿದು ನಿಲ್ಲಿಸಬಹುದು, ತಿದ್ದಬಹುದು, ಆದರೆ ಎಸೆಯುವುದಿಲ್ಲ. ನಾಳೆ ತಾವು ತಪ್ಪು ಮಾಡಿದಾಗ ಅವರಿಗೆ ಈ ಪಾಠ ಬೇಕಾಗುತ್ತದೆ.

ಹೆಸರು ಬರೆದ ಅಂಗಿ

ನಮ್ಮ ಜಿಲ್ಲೆಯ ಹೆಮ್ಮೆಯ ಗಾಯಕ ಪಂಡಿತ ಭೀಮಸೇನ ಜೋಶಿಯವರ ಬಾಲ್ಯದ ಪ್ರಸಂಗವೊಂದು ಈ ಭಾಗದಲ್ಲಿ ಮನೆಮಾತು. ಭಜನೆಯ ತಂಡವೋ ವಾದ್ಯದ ಮೆರವಣಿಗೆಯೋ ಕಂಡರೆ ಅದರ ಹಿಂದೆ ಹೊರಟುಬಿಡುತ್ತಿದ್ದ ಬಾಲಕ, ದಣಿದಲ್ಲೇ ಮಲಗಿಬಿಡುತ್ತಿದ್ದ. ಹುಡುಕಿ ಹುಡುಕಿ ಸಾಕಾದ ತಂದೆ, ಶಾಲಾ ಶಿಕ್ಷಕರಾಗಿದ್ದ ಗುರುರಾಜ ಜೋಶಿಯವರು, ಮಗನ ಅಂಗಿಯ ಮೇಲೆ 'ಜೋಶಿ ಮಾಸ್ತರರ ಮಗ' ಎಂದು ಬರೆಸಿದರಂತೆ. ಕಂಡವರು ಮನೆ ಮುಟ್ಟಿಸುತ್ತಿದ್ದರು. ಮಗುವನ್ನು ಕಟ್ಟಿಹಾಕಲಾಗದಾಗ, ಎಲ್ಲಿ ಹೋದರೂ ನೀನು ನಮ್ಮವನು ಎಂದು ಅದರ ಮೈಮೇಲೆ ಬರೆದು ಕಳುಹಿಸುವುದು ಶಿಸ್ತಿನ ಒಂದು ದೊಡ್ಡ ರೂಪವೆಂದೇ ನಾನು ತಿಳಿಯುತ್ತೇನೆ. ವರ್ಗಾವಣೆ ಪತ್ರ ಇದರ ವಿರುದ್ಧವನ್ನು ಬರೆಯುತ್ತದೆ: ನೀನು ನಮ್ಮವನಲ್ಲ.

ಈ ಮಾತನ್ನು ನಾನು ಹೊರಗಿನವನಾಗಿ ಹೇಳುತ್ತಿಲ್ಲ. ಹೊಸದಾಗಿ ಗುರುದೀಕ್ಷೆ ಪಡೆದು, ಬೇರೊಂದು ಜಿಲ್ಲೆಯ ಶಾಲೆಯೊಂದರ ಹೊಣೆ ಹೊತ್ತಿದ್ದ ಕಾಲದಲ್ಲಿ, ಶಿಕ್ಷಕರಿಗೆ ಕಲ್ಲು ಬೀರಿದ ಏಳು ವರ್ಷದ ಹುಡುಗನೊಬ್ಬನ ಪತ್ರ ನನ್ನ ಮೇಜಿಗೆ ಬಂದಿತ್ತು. ನಾನು ಅವನ ಮನೆಗೆ ಹೋಗಲಿಲ್ಲ. ಅವನ ಕಿವಿಯನ್ನು ನೋಡಲಿಲ್ಲ, ಹೊಟ್ಟೆಯನ್ನು ಕೇಳಲಿಲ್ಲ. ಶಾಲೆಯ ಹೆಸರು ಉಳಿಯಬೇಕಿತ್ತು. ಸಹಿ ಹಾಕಿದೆ. ಅವನ ತಾಯಿ ಆ ಕಾಗದವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದದ್ದು ಕಣ್ಣಿಗೆ ಕಟ್ಟಿದಂತಿದೆ. ಅವನು ಬೇರೆ ಶಾಲೆ ಸೇರಿದನೋ, ಕುರಿ ಕಾಯ್ದನೋ, ಎಲ್ಲಿದ್ದಾನೋ ತಿಳಿಯದು. ನಾನು ಅದನ್ನು ಪಾಪನಿವೇದನೆಯಲ್ಲಿ ಹೇಳಿಕೊಂಡಿದ್ದೇನೆ. ಕ್ಷಮೆ ದೊರೆತಿದೆ ಎಂದು ನಂಬಿದ್ದೇನೆ. ಆದರೆ ಕ್ಷಮೆ ದೊರೆತದ್ದರಿಂದ ಆ ಹುಡುಗನಿಗೆ ಅವನ ಶಾಲೆ ಮರಳಿ ಸಿಗಲಿಲ್ಲ.

ಪ್ರಭು ಯೇಸು ಶಿಷ್ಯರ ನಡುವೆ ಒಂದು ಮಗುವನ್ನು ತಂದು ನಿಲ್ಲಿಸಿದ ಪ್ರಸಂಗವನ್ನು ನಾವು ಬಾರಿಬಾರಿಗೂ ಓದುತ್ತೇವೆ. ಆ ಮಗು ಶಾಂತವಾಗಿತ್ತೆಂದು ಶುಭಸಂದೇಶ ಹೇಳುವುದಿಲ್ಲ. ಮೈತುಂಬ ಧೂಳಿದ್ದ, ಅಂದು ಬೆಳಿಗ್ಗೆಯೇ ಯಾರನ್ನೋ ಹೊಡೆದು ಬಂದಿದ್ದ ಮಗುವೂ ಆಗಿದ್ದಿರಬಹುದು. ಪ್ರಭು ಅದನ್ನು ನಿಲ್ಲಿಸಿದ್ದು ಬಾಗಿಲ ಹೊರಗಲ್ಲ, ನಡುವೆ.

ನಮ್ಮ ಕುಟುಂಬಗಳಿಗೆ ನನ್ನ ಕೋರಿಕೆ ಇಷ್ಟು. ಮಗುವನ್ನು ಶಾಲೆಗೆ ಬಿಡುವಾಗ 'ಹೊಡೀರಿ' ಎಂದು ಹೇಳಬೇಡಿರಿ, ಮನೆಯಲ್ಲಿಯೂ ಹೊಡೆಯಬೇಡಿರಿ. ಮಗುವಿನ ಎದುರಿಗೆ ಶಿಕ್ಷಕರನ್ನು ಹಗುರವಾಗಿ ಆಡಿಕೊಳ್ಳಬೇಡಿರಿ. ಶಿಕ್ಷಕರಿಗೆ ನೋವಾದ ದಿನ, ತಪ್ಪು ನಿಮ್ಮ ಮಗುವಿನದಾದರೂ ಅಲ್ಲದಿದ್ದರೂ, ಹೋಗಿ ವಿಚಾರಿಸಿರಿ. ನೆರೆಮನೆಯ ಮಗುವಿನ ಮೇಲೆ ದೂರು ಸಹಿ ಮಾಡುವ ಮುನ್ನ ಆ ಮನೆಯ ಬಾಗಿಲನ್ನೊಮ್ಮೆ ತಟ್ಟಿರಿ.

ಆ ಬಾಲಕ ಈಗಲೂ ಅದೇ ಶಾಲೆಯಲ್ಲಿದ್ದಾನೆ. ಕಳೆದ ತಿಂಗಳು ಮತ್ತೊಮ್ಮೆ ಸಹಪಾಠಿಯೊಬ್ಬನನ್ನು ದೂಡಿ ಕೆಡವಿದನೆಂದು ಶಿಕ್ಷಕಿ ಹೇಳಿದರು. ಕೆಡವಿದವನು ತಾನೇ ಕೈಹಿಡಿದು ಅವನನ್ನು ಎಬ್ಬಿಸಿದನಂತೆ, ಯಾರೂ ಹೇಳುವ ಮೊದಲೇ. ಶಿಕ್ಷಕಿಯ ಮುಂಗೈಯ ಮೇಲೆ ಇನ್ನೂ ಒಂದು ಮಸುಕು ಕಲೆ ಇದೆ.